ಹೆಸರಿಗೆ ನನ್ನ ಕೋವಿ

ಆಗಸ್ಟ್ 18, ಸೋಮವಾರ

ಪ್ರೇಯರ್‌ಗೆ ಇವತ್ತೂ ಲೇಟು. ಮಳವಳ್ಳಿ ಸರ್ಕಲ್ಲಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ನಿಂತಿತ್ತು, ಸ್ಕೂಟರ್ ನುಗ್ಗಿಸಲೂ ಜಾಗವಿಲ್ಲ. ಎಚ್ಚೆಮ್ಮು ವಾಚ್ ನೋಡಿಕೊಂಡೇ ಗುಡ್ ಮಾರ್ನಿಂಗ್ ಅಂದರು. ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಖೋ ಖೋ. ಒಬ್ಬಳಿಗೂ ಸರಿಯಾಗಿ ಕೂರಲು ಬರುವುದಿಲ್ಲ, ಏಳಲು ಮೊದಲೇ ಬರುವುದಿಲ್ಲ. ಸೀಟಿ ಊದಿ ಊದಿ ಗಂಟಲು ಕಟ್ಟಿತು.

ಮಧ್ಯಾಹ್ನ ಇವರ ಫೋನು. ಲೈಸೆನ್ಸ್ ಬಂತಂತೆ. ಶನಿವಾರ ರಜ ಹಾಕು, ಮೈಸೂರಿಗೆ ಹೋಗಿ ಸೈನ್ ಮಾಡಿ ಕೋವಿ ಬಿಡಿಸಿಕೊಳ್ಳಬೇಕು ಅಂದರು.

ಮಾವ ಚಲುವರಾಜು ಹೋಗಿ ಎರಡು ವರ್ಷ. ಅವರ ಜೋಡುನಳಿಗೆ ಕೋವಿ ಅಂದಿನಿಂದ ಮೈಸೂರಿನ ಕೋವಿ ಅಂಗಡಿಯಲ್ಲಿ ಠೇವಣಿ. ಮಗನ ಹೆಸರಿಗೆ ಆಗಬೇಕಿತ್ತು, ಆಗಲಿಲ್ಲ. ನಿಡಘಟ್ಟದ ಹತ್ತಿರ ಹೈವೇಯಲ್ಲಿ ಲಾರಿ ಡ್ರೈವರನ ಮೇಲೆ ಕೈ ಮಾಡಿಕೊಂಡಿದ್ದಾರಲ್ಲ, ಆ ಕೇಸು ಇನ್ನೂ ನಡೀತಿದೆ. ಕೇಸಿದ್ದವರಿಗೆ ಕೊಡಲ್ಲ ಅಂದುಬಿಟ್ಟರು. ಅತ್ತೆಗೆ ವಯಸ್ಸಾಯಿತು. ಉಳಿದವಳು ನಾನು. ಲೇಡೀಸ್ ಸೀಟು ಬಂದರೆ ಹೆಂಡತಿಯನ್ನು ನಿಲ್ಲಿಸಿ ಗಂಡ ಕುರ್ಚಿ ಮೇಲೆ ಕೂರುವುದು ನಮ್ಮ ಕಡೆ ಹೊಸದೇನಲ್ಲ. ಕೋವಿಗೂ ಅದೇ ಉಪಾಯ ಮಾಡಿದರು.

ಆದರೂ... ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ? ಮದುವೆಯಾಗಿ ಹದಿನೇಳು ವರ್ಷಕ್ಕೆ ಈ ಮನೆಯ ಒಂದು ವಸ್ತು ನನ್ನ ಹೆಸರಿಗೆ ಬಂದಿದೆ. ಅದೂ ಕೋವಿ. ಮಂಡ್ಯ ಕಾಲೇಜಿನಲ್ಲಿದ್ದಾಗ ಸ್ಟೇಟ್ ಮೀಟಿನಲ್ಲಿ ಹಾರುವ ಬಿಲ್ಲೆಗೆ ಕೋವಿ ಹೊಡೆಯುವ ಟ್ರ್ಯಾಪ್ ಸ್ಪರ್ಧೆಯಲ್ಲಿ ಮೂರನೇ ಸ್ಥಾನ ತಂದವಳು ನಾನು. ಹೆಣ್ಣು ನೋಡಲು ಬಂದಾಗ ಮಾವ ಮೆಡಲು ಕೈಯಲ್ಲಿ ಹಿಡಿದು, "ಅದಕ್ಯಾಕೆ ಯೋಚ್ನೆ ಬುಡವ್ವ, ನಮ್ಮನೇಲೂ ಕೋವಿ ಐತೆ" ಅಂದಿದ್ದರು. ಇತ್ತು. ಒಂದು ದಿನ ಮುಟ್ಟಲು ಬಿಡಲಿಲ್ಲ.

ಆಗಸ್ಟ್ 24, ಭಾನುವಾರ

ನಿನ್ನೆ ಕೋವಿ ಮನೆಗೆ ಬಂತು. ಅತ್ತೆ ಬಾಗಿಲಲ್ಲೇ ನಿಲ್ಲಿಸಿ ಆರತಿ ಎತ್ತಿದರು. ಕೋವಿಗೂ, ಅದನ್ನು ಹೊತ್ತುಕೊಂಡು ಬಂದ ಮಗನಿಗೂ. ಲೈಸೆನ್ಸಿನವಳು ಹಿಂದೆ ತರಕಾರಿ ಚೀಲ ಹಿಡಿದುಕೊಂಡು ನಿಂತಿದ್ದೆ.

ಇವತ್ತು ಊಟಕ್ಕೆ ಕೂತಾಗ ಇವರೇ ಮಾತು ತೆಗೆದರು.

"ಲೇ, ನೀನು ಕಾಲೇಜಲ್ಲಿ ಒಡೀತಿದ್ಯಲ್ಲ, ಮೇಲಕ್ಕೆ ಎಸೀತಾರೆ, ತಟ್ಟೆ ತರದ್ದು... ಏನಂತಾರೆ ಅದ್ಕೆ?"

"ಕ್ಲೇ ಅಂತಾರೆ ರೀ. ಬಿಲ್ಲೆ."

"ಅದ ಎಸೆಯೋ ಮಿಷಿನ್ನು ಸಿಕ್ತದಂತೆ. ಬೋಳುಬಂಡೆ ತಾವು ನಮ್ ಬೀಳು ಸುಮ್ಕೆ ಬಿದ್ದೈತೆ. ಭಾನ್ವಾರ ಭಾನ್ವಾರ ಮನೆ ತಾವೇ ಒಡ್ಕೊಂಡಿರ್ಬೋದು. ಯಾವ್ದು ತಗೋಬೇಕು ಅಂತ ನೀನೇ ನೋಡು. ನಿಂಗೆ ತಿಳಿದಂಗೆ ನಂಗೆ ತಿಳಿಯಕಿಲ್ಲ."

ಇವರ ಬಾಯಲ್ಲಿ ಇಂಥ ಮಾತು! ಗೋಡೆ ಗಡಿಯಾರದ ಸೆಲ್ಲು ಯಾವುದು ಹಾಕಬೇಕು ಅಂತಲೂ ನನ್ನನ್ನು ಕೇಳಿದವರಲ್ಲ. ಎದ್ದು ಹೋಗಿ ಸಾರಿಗೆ ಇನ್ನೊಂದು ಸಲ ಉಪ್ಪು ಹಾಕಿದೆ. ಯಾರೂ ಬೈಯಲಿಲ್ಲ.

ಆಗಸ್ಟ್ 30, ಶನಿವಾರ

ಪಾರ್ಥಸಾರಥಿ ಸರ್‌ಗೆ ಫೋನ್ ಮಾಡಿದೆ. ಕಾಲೇಜಿನಲ್ಲಿ ಎನ್‌ಸಿಸಿ ನೋಡಿಕೊಳ್ಳುತ್ತಿದ್ದವರು, ನನ್ನನ್ನು ಬೆಂಗಳೂರಿನ ರೇಂಜಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬರುತ್ತಿದ್ದವರು. ರಿಟೈರಾಗಿ ಮಂಡ್ಯದಲ್ಲೇ ಇದ್ದಾರೆ. ಎತ್ತಿದ್ದು ಅವರ ಹೆಂಡತಿ ಪದ್ಮಮ್ಮ ಮೇಡಂ. "ಯಾವ ಗಗನ? ಓ... ನನ್ನ ಉಪ್ಪಿಟ್ಟು ಕಂಡರೆ ಓಡ್ತಿದ್ದೆಯಲ್ಲ, ಆ ಗಗನಾನಾ!" ನಗು ಬಂತು, ಜೊತೆಗೆ ಅಳುವೂ ಬಂತು.

ಸರ್ ಕುಶಲ ಗಿಶಲ ಕೇಳಲಿಲ್ಲ. ನೇರ ವಿಷಯಕ್ಕೆ.

"ಮೊದಲು ಇದು ಹೇಳು. ಹೊಡೆಯೋರು ಎಷ್ಟು ಜನ?"

"ನಾನೊಬ್ಬಳೇ ಸರ್." ಥಟ್ಟನೆ ಬಾಯಿಗೆ ಬಂತು.

"ಹಾಗಾದರೆ ಅರ್ಧ ಆರಿಸಿದ ಹಾಗಾಯ್ತು. ಕೈಯಲ್ಲಿ ಬೀಸೋ ಪ್ಲಾಸ್ಟಿಕ್ ಕೋಲು ಬರುತ್ತೆ, ಅಗ್ಗ. ಆದರೆ ಬೀಸೋಕೆ ಇನ್ನೊಬ್ಬರು ಬೇಕು, ಒಂದು ಸಲ ಹೋದ ಕಡೆ ಇನ್ನೊಂದು ಸಲ ಹೋಗಲ್ಲ. ಹಗ್ಗ ಎಳೆಯೋ ಸ್ಪ್ರಿಂಗಿನದು ಇದೆ, ಅದಕ್ಕೂ ಹಗ್ಗ ಹಿಡಿಯೋಕೆ ಜನ ಬೇಕು. ನಿನಗೆ ಕಾಲ್ಪೆಡಲಿಂದು ಸರಿ. ಮೆಷಿನ್ನಿನ ತೋಳು ಎಳೆದು ಲಾಕ್ ಮಾಡು, ಬಿಲ್ಲೆ ಇಡು, ಹಿಂದೆ ಬಾ, ಕೋವಿ ಭುಜಕ್ಕೆ ತಗೋ, ಕಾಲಲ್ಲಿ ಒತ್ತು. ಯಾರ ಹಂಗೂ ಇಲ್ಲ."

"ಬ್ಯಾಟರಿದು ಸರ್? ಆಟೋಮ್ಯಾಟಿಕ್?"

"ಅದು ನಾಲ್ಕೈದು ಜನ ಸೇರಿದರೆ. ಅದರಲ್ಲೂ ತಲೆ ಆಡಿಸೋದು ಬರುತ್ತೆ, ಒಂದು ಬಿಲ್ಲೆ ಎಡಕ್ಕೆ, ಒಂದು ಬಲಕ್ಕೆ, ಒಂದು ನೆಲ ಸವರಿಕೊಂಡು. ಅದು ರೇಂಜಿಗೆ, ಸುತ್ತ ಜನ ಬರದ ಜಾಗಕ್ಕೆ. ಹೊಲದಲ್ಲಿ ಖಂಡಿತ ಬೇಡಮ್ಮ. ಹೊಲದಲ್ಲಿ ಹೊಡೆಯೋಳಿಗೆ ಬಿಲ್ಲೆ ಎಲ್ಲಿಗೆ ಹೋಗುತ್ತೆ ಅಂತ ಮೊದಲೇ ಗೊತ್ತಿರಬೇಕು."

ಇನ್ನೂ ಹೇಳಿದರು. ಲಾಕ್ ಮಾಡಿದ ತೋಳಿನ ಮುಂದೆ ನಿಲ್ಲಬೇಡ, ಮೂಳೆ ಮುರಿಯುತ್ತೆ. ಹೆಸರಿಗೆ ಮಣ್ಣಿನ ಬಿಲ್ಲೆ, ಒಳಗಿರುವುದು ಡಾಂಬರಿನ ಅಂಟು, ಚೂರುಗಳನ್ನು ಆರಿಸಿಬಿಡು, ದನ ಕುರಿ ಮೇಯುವ ಕಡೆ ಉಳಿಯಬಾರದು. ಬೆಳೆ ಕಾಯುವ ಲೈಸೆನ್ಸು ಅದು, ಶುರು ಮಾಡುವ ಮೊದಲು ಸ್ಟೇಷನ್ನಿನಲ್ಲಿ ಒಂದು ಮಾತು ಕೇಳು. ವರ್ಷಕ್ಕೆ ಇಷ್ಟೇ ತೋಟಾ ಅಂತ ಬುಕ್ಕಿನಲ್ಲಿ ಬರೆದಿರುತ್ತಾರೆ, ನೋಡಿಕೊಂಡು ಬಳಸು. ಕೊನೆಗೆ, "ನಿನ್ನ ಹೆಸರಿನ ಕೋವಿ ಇನ್ನೊಬ್ಬರ ಕೈಗೆ ಹೋಗಬಾರದು ಗಗನ."

"ನೀನು ಬಿಡದೆ ಹೊಡೀತಾ ಇದ್ದಿದ್ದರೆ..." ಅಂತ ಶುರು ಮಾಡಿದರು. ಮುಗಿಸಲಿಲ್ಲ. ಒಳ್ಳೆಯದೇ ಆಯಿತು.

ಸೆಪ್ಟೆಂಬರ್ 6

ಫೋನಿನ ತುಂಬ ಮೆಷಿನ್ನು. ಯಾವ ಯಾವುದೋ ದೇಶದವರ ವಿಡಿಯೋ. ಒಬ್ಬ ಅಜ್ಜ ತನ್ನ ಹೊಲದಲ್ಲಿ ಒಬ್ಬನೇ ಪೆಡಲ್ ಒತ್ತಿ ಒಬ್ಬನೇ ಹೊಡೆಯುತ್ತಾನೆ, ಹೊಡೆದು ಒಬ್ಬನೇ ನಗುತ್ತಾನೆ. ಅದನ್ನು ಎಷ್ಟು ಸಲ ನೋಡಿದೆನೋ. ದೀಪಿಕ ಇಣುಕಿ, "ಅಮ್ಮ, ಸೀರಿಯಲ್ ಬಿಟ್ಟು ಇದೇನು?" ಅಂದಳು. ಹೇಳಿದೆ. ನಂಬಲಿಲ್ಲ. ಮೆಡಲು ತೋರಿಸಿದೆ. ಹದಿನಾಲ್ಕು ವರ್ಷದ ಮಗಳು ಅಮ್ಮನ ಮೆಡಲು ನೋಡಿದ್ದು ಇದೇ ಮೊದಲು, ಅಕ್ಕಿ ಡಬ್ಬದ ಹಿಂದೆ ಇಟ್ಟರೆ ಯಾರು ನೋಡುತ್ತಾರೆ?

ಕಾಲ್ಪೆಡಲಿಂದೇ. ಮಾಡೆಲ್ಲೂ ಆರಿಸಿದೆ, ತೋಳಿಗೆ ಸುತ್ತ ಕಬ್ಬಿಣದ ಬಳೆ ಇರುವುದು. ನೆಲಕ್ಕೆ ಗೂಟ ಹೊಡೆದರೆ ನಮ್ಮ ಮಣ್ಣಿನಲ್ಲಿ ಮಳೆಗೆ ಸಡಿಲವಾಗುತ್ತದೆ. ಹಳೇ ಟ್ರ್ಯಾಕ್ಟರ್ ರಿಮ್ಮಿಗೆ ಬೋಲ್ಟ್ ಹಾಕಿಸಿದರೆ ಅಲ್ಲಾಡುವುದಿಲ್ಲ. ಮಳವಳ್ಳಿಯ ವೆಲ್ಡಿಂಗ್ ಅಂಗಡಿಯವನಿಗೆ ಹೇಳಿ ಬಂದೆ. ಯಾವುದಕ್ಕೆ ಮೇಡಂ ಅಂದ. ಸ್ಕೂಲಿಗೆ ಅಂದೆ!

ಲಿಂಕು ಇವರಿಗೆ ಕಳಿಸಿದೆ. ಹೆಬ್ಬೆರಳಿನ ಗುರುತು ವಾಪಸ್ ಕಳಿಸಿದರು.

ಸೆಪ್ಟೆಂಬರ್ 14, ಭಾನುವಾರ

ಬೀಳಿಗೆ ಹೋಗಿ ಜಾಗ ನೋಡಿ ಬಂದೆ. ಬಡಗಲಿಗೆ ಬೋಳುಬಂಡೆ. ಮೂಡಲಿಗೆ ನಾಲೆ ಏರಿ, ಅದರ ಮೇಲೆ ಜನ ದನ ಓಡಾಡುವ ದಾರಿ. ಬಂಡೆಗೆ ಮುಖ ಮಾಡಿ ಹೊಡೆದರೆ ಚರೆಗುಂಡೆಲ್ಲ ಬಂಡೆಗೆ. ಸಂಜೆ ಬಿಸಿಲು ಎಡಗಣ್ಣಿಗೆ ಹೊಡೆಯುತ್ತದೆ, ಹೊಡೆಯಲಿ, ಟೋಪಿ ಹಾಕಿಕೊಂಡರಾಯಿತು. ಬೇರೆ ದಿಕ್ಕು ಇಲ್ಲವೇ ಇಲ್ಲ.

ಹೊಂಬಾಳಮ್ಮ ಕುರಿ ಹೊಡೆದುಕೊಂಡು ಏರಿ ಮೇಲೆ ಬರುತ್ತಿದ್ದಳು. ಬಂಡೂರು ಕುರಿಗಳು, ಗಿಡ್ಡ ಕಾಲು, ತೂಗಾಡುವ ಹೊಟ್ಟೆ. ದಿನಾ ಎಷ್ಟು ಹೊತ್ತಿಗೆ ಈ ದಾರಿ ಅಂತ ಕೇಳಿದೆ. "ಒತ್ತು ಮುಳುಗೋ ಮುಂದೆ ವಾಪಸ್ ಬತ್ತೀನಿ ಕಣವ್ವ. ಯಾಕೆ?" ಹೇಳಿದೆ.

"ಗಂಡುಸ್ರು ಕೆಲ್ಸ ನಿಂಗ್ಯಾಕವ್ವ?"

"ಅವರಿಗೆ ಬರಲ್ಲ ಹೊಂಬಾಳಮ್ಮ."

ಬೊಚ್ಚು ಬಾಯಿ ತೆಗೆದು ನಕ್ಕಳು. ಒಂದು ಒಣಗಿದ ಸಗಣಿ ಬೆರಣಿ ಎತ್ತಿ ಮೇಲಕ್ಕೆ ಎಸೆದು, "ಒಡಿ ನೋಡವ ಮತ್ತೆ" ಅಂದಳು. ಕೈಯಲ್ಲಿದ್ದ ಛತ್ರಿಯನ್ನು ಭುಜಕ್ಕೆ ಆನಿಸಿದೆ. ಕೆನ್ನೆ ತಾನೇ ಬಾಗಿತು, ಎಡಗಾಲು ತಾನೇ ಮುಂದೆ ಹೋಯಿತು. ಯಾವುದೂ ಮರೆತಿಲ್ಲ. "ಢಂ" ಅಂದೆ. "ಬಿತ್ತು!" ಅಂದಳು ಮುದುಕಿ. ಇಬ್ಬರೂ ನಕ್ಕೆವು. ಇಷ್ಟು ಸಂತೋಷವಾಗಿ ನಾನು ಯಾವಾಗ ಇದ್ದೆನೋ ನೆನಪಿಲ್ಲ.

ಅಕ್ಟೋಬರ್ 1, ಆಯುಧಪೂಜೆ

ಕೋವಿಯನ್ನು ನಿನ್ನೆ ನಾನೇ ಬಿಚ್ಚಿ ಒರೆಸಿ ಎಣ್ಣೆ ಹಾಕಿದ್ದು. ಇವತ್ತು ನಾನು ಮುಟ್ಟುವ ಹಾಗಿಲ್ಲ.

"ಎಣ್ಮಕ್ಳು ಇವತ್ತು ಆಯುದ ಮುಟ್ಬಾರ್ದು ಕಣಮ್ಮ, ದೂರ ನಿಂತ್ಕೊ" ಅಂದರು ಅತ್ತೆ. ಕುಡುಗೋಲಿಗೆ, ಮಚ್ಚಿಗೆ, ಟ್ರ್ಯಾಕ್ಟರಿಗೆ, ಕೋವಿಗೆ ಅರಿಶಿನ ಕುಂಕುಮ. ನಳಿಗೆಯ ಬಾಯಿಗೂ ಮೆತ್ತಿದ್ದಾರೆ. ತೊಳೆಯುವವಳು ನಾನಿದ್ದೇನಲ್ಲ.

ಪದ್ಧತಿ ಪ್ರಕಾರ ಮನೆ ಗಂಡಸು ಆಕಾಶಕ್ಕೆ ಒಂದು ತೋಟಾ ಹಾರಿಸಬೇಕು. ಇವರು ಭುಜಕ್ಕೆ ಸರಿಯಾಗಿ ಆನಿಸಲಿಲ್ಲ. ಒದ್ದಿತು ನೋಡಿ, ಎರಡು ಹೆಜ್ಜೆ ಹಿಂದೆ! ನಕ್ಕುಬಿಟ್ಟೆ. ಎಲ್ಲರೂ ತಿರುಗಿ ನೋಡಿದರು. ಇವರ ಭುಜ ಊದಿದೆ, ಐಸ್ ಇಡಲಾ ಅಂದರೆ ಬೇಡವಂತೆ.

ಅಕ್ಟೋಬರ್ 11, ಶನಿವಾರ

ಮೆಷಿನ್ ಬಂತು.

ಸ್ಕೂಲಿಂದ ಬಂದಾಗ ಜಗಲಿಯಲ್ಲಿ ಡಬ್ಬ. ನನ್ನದು ಇಷ್ಟು ದೊಡ್ಡದಿರಬಾರದಲ್ಲ ಅಂದುಕೊಂಡೆ. ತೆಗೆದರೆ ಬ್ಯಾಟರಿ, ಬಿಲ್ಲೆ ಪೇರಿಸುವ ದೊಡ್ಡ ತಿರುಗಣೆ, ರಿಮೋಟು. ತಲೆ ಆಡಿಸುವುದು. ಸರ್ ಖಂಡಿತ ಬೇಡ ಅಂದದ್ದು.

"ರೀ, ನಾನು ಆರಿಸಿದ್ದು ಇದಲ್ಲ."

"ಅದೇನ್ಲೇ ನೀ ಆರ್ಸಿದ್ದು, ಕಾಲಲ್ಲಿ ತುಳಿಯೋದು! ಒಲಿಗೆ ಮಿಷಿನ್ನಂಗೆ. ಅದ್ನ ಕ್ಯಾನ್ಸಲ್ ಮಾಡ್ದೆ. ನಾಳೆ ಮಂಚಣ್ಣ ಬತ್ತಾರೆ, ಅವ್ರ ಮುಂದೆ ಒಲಿಗೆ ಮಿಷಿನ್ ಇಡಕ್ಕಾಯ್ತದಾ?"

ಮಂಚಣ್ಣ ಅಂದರೆ ಮಂಚೇಗೌಡ. ತಾಲ್ಲೂಕಿನಲ್ಲಿ ಯಾರಿಗೆ ಟಿಕೆಟ್ಟು ಅಂತ ಹೇಳುವವರು. ಜಿಲ್ಲಾ ಪಂಚಾಯ್ತಿ ಎಲೆಕ್ಷನ್ ಬಂದರೆ ನಿಲ್ಲಬೇಕು ಅಂತ ಇವರಿಗೆ ಆಸೆ. ಮಂಚಣ್ಣನಿಗೆ ಕೋವಿ ಹೊಡೆಯುವುದು ಅಂದರೆ ಇಷ್ಟವಂತೆ, ಯಾರೋ ದೊಡ್ಡವರ ಫಾರಂಹೌಸಿನಲ್ಲಿ ಒಂದು ಸಲ ಹೊಡೆದರಂತೆ.

ಹಾಗಾದರೆ ಎರಡು ತಿಂಗಳಿಂದ ನಾನು ಯಾರಿಗೋಸ್ಕರ ಆರಿಸುತ್ತಿದ್ದೆ? ಕೇಳಿದೆ. "ಮನೆಗೆ" ಅಂದರು. ಒಂದು ಕ್ಷಣವೂ ತಡವರಿಸಲಿಲ್ಲ. ಮೋಸ ಮಾಡಿದ್ದೇನೆ ಅಂತ ಗೊತ್ತಿದ್ದರಾದರೂ ಜಗಳ ಆಡಬಹುದಿತ್ತು. ಇವರಿಗೆ ಅದೂ ಗೊತ್ತಿಲ್ಲ. ನಾನು ಹೊಡೆಯುತ್ತೇನೆ ಅನ್ನುವುದು ಇವರ ತಲೆಗೆ ಒಂದು ಸಲವೂ ಬಂದೇ ಇಲ್ಲ.

ಅಕ್ಟೋಬರ್ 12, ಭಾನುವಾರ

ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿದ್ದು. ಬಂಡೂರು ಕುರಿಯದೇ ಆಗಬೇಕು ಮಂಚಣ್ಣನಿಗೆ. ತಲೆ, ಕಾಲು, ಬೋಟಿ, ಎಲ್ಲ ಬೇರೆ ಬೇರೆ. ಮುದ್ದೆ ಕಟ್ಟಿ ಕಟ್ಟಿ ಅಂಗೈ ಕೆಂಪಾಯಿತು.

ಅಡುಗೆಮನೆಯಿಂದಲೇ ಕೇಳಿಸುತ್ತಿತ್ತು. ಮೆಷಿನ್ನಿನ ಟಪ್, ಆಮೇಲೆ ಕೋವಿ. ಎಷ್ಟು ತಡ! ಬಿಲ್ಲೆ ಇಳಿಯಲು ಶುರುವಾದ ಮೇಲೆ ಹೊಡೆಯುತ್ತಾರೆ. ಒಂದು ಒಡೆದರೆ ಶಿಳ್ಳೆ, ಒಡೆಯದಿದ್ದರೆ ಮೆಷಿನ್ನಿಗೆ ಬೈಗುಳ. ಮಧ್ಯಾಹ್ನದ ಹೊತ್ತಿಗೆ ನನ್ನ ಬುಕ್ಕಿನಲ್ಲಿ ವರ್ಷಕ್ಕೆ ಅಂತ ಬರೆದಿದ್ದ ತೋಟಾದಲ್ಲಿ ಮುಕ್ಕಾಲು ಖಾಲಿ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಇಳಿಹೊತ್ತಿಗೆ ಮಜ್ಜಿಗೆ ಕೊಡಲು ಹೋದಾಗ ನೋಡಿದೆ. ಮೆಷಿನ್ ತಿರುಗಿಸಿಬಿಟ್ಟಿದ್ದಾರೆ. ಬಂಡೆಯ ಕಡೆ ನಿಂತರೆ ಕಣ್ಣಿಗೆ ಬಿಸಿಲಂತೆ, ಹೊಂಗೆ ಮರದ ನೆರಳಿಗೆ ಕುರ್ಚಿ ಹಾಕಿ ನಾಲೆ ಏರಿಗೆ ಮುಖ ಮಾಡಿ ಕೂತಿದ್ದಾರೆ. ಇವರ ಕೊರಳಲ್ಲಿ ರಿಮೋಟು.

"ರೀ, ಆ ಕಡೆ ದಾರಿ ಇದೆ. ಜನ ಬರ್ತಾರೆ."

"ಬಂದ್ರೆ ಕಾಣಾಕಿಲ್ವಾ? ಒಳಿಕ್ ಓಗು."

ಮಂಚಣ್ಣ ಲೋಟ ಇಸಿದುಕೊಂಡು, "ಏನವ್ವ, ನೀನೂ ಒಡೀತಿದ್ಯಂತೆ ಕಾಲೇಜಲ್ಲಿ? ಬಾ, ಒಂದ್ ಒಡಿ ನೋಡವ" ಅಂದರು. ಆಡಿಕೊಳ್ಳುವುದಕ್ಕೇ ಅಂದದ್ದು, ಗೊತ್ತು. ಆದರೂ ಕೈ ಚಾಚಿದೆ. ಥೂ, ಚಾಚಿದೆನಲ್ಲ!

"ಬುಡಣ್ಣ, ಅವ್ಳಿಗೆ ಒಳ್ಗೆ ಕೆಲ್ಸ ಐತೆ" ಅಂದರು ಇವರು. ಎಲ್ಲರೂ ನಕ್ಕರು. ಚಾಚಿದ ಕೈಗೆ ಖಾಲಿ ಲೋಟಗಳನ್ನು ಇಟ್ಟರು.

ಅವರು ಹೋದ ಮೇಲೆ ಹೇಳಿದೆ. ಲೈಸೆನ್ಸ್ ನನ್ನದು, ಇನ್ನೊಬ್ಬರು ಹೊಡೆಯುವ ಹಾಗಿಲ್ಲ, ಹೆಚ್ಚುಕಮ್ಮಿಯಾದರೆ ನನ್ನ ತಲೆಗೆ. "ಎಸ್ರು ನಿಂದು ಅಂತ ಕೋವಿ ನಿಂದಾ? ಎಸ್ರು ನಿಂದು, ಮನೆ ನಂದು" ಅಂದರು. ಕೋವಿ ಇಟ್ಟ ಬೀರುವಿನ ಕೀ ಅತ್ತೆಯ ಸೊಂಟಕ್ಕೆ ಹೋಯಿತು.

ನವೆಂಬರ್ 2, ಭಾನುವಾರ

ಬರೆಯುವಂಥದ್ದೇನೂ ಇಲ್ಲ. ಪ್ರತಿ ಭಾನುವಾರ ಅದೇ. ತೋಟಾ ಈಗ ಮಂಚಣ್ಣನೇ ಎಲ್ಲಿಂದಲೋ ತರುತ್ತಾರೆ.

ಇವತ್ತು ಅವರು ಬರುವ ಮೊದಲು ಬೀಳಿಗೆ ಹೋಗಿದ್ದೆ. ಚೂರು ಆರಿಸಲು. ರಿಮೋಟು ಕುರ್ಚಿ ಮೇಲೇ ಇತ್ತು. ಒತ್ತಿದೆ. ಬಿಲ್ಲೆ ಹಾರಿತು, ಬೆಳಗಿನ ಬಿಸಿಲಿಗೆ ಚೆನ್ನಾಗಿ ಕಂಡಿತು, ಹೋಗಿ ಹುಲ್ಲಿನಲ್ಲಿ ಬಿತ್ತು. ಬರಿಗೈಯಲ್ಲಿ ನಿಂತು ನೋಡಿದೆ. ಇನ್ನೊಂದು ಒತ್ತುವ ಮನಸ್ಸಾಗಲಿಲ್ಲ.

ನವೆಂಬರ್ 9, ಭಾನುವಾರ, ಸಂಜೆ ಏಳೂವರೆ, ಮಳವಳ್ಳಿ ಆಸ್ಪತ್ರೆ

ಸೀರೆ ಮೇಲೆಲ್ಲ ರಕ್ತ. ನನ್ನದಲ್ಲ, ಹೊಂಬಾಳಮ್ಮನದು.

ಹೊತ್ತು ಮುಳುಗುವ ಮುಂದೆ ಏರಿ ಮೇಲೆ ಬಂದಿದ್ದಾಳೆ, ದಿನಾ ಬರುವ ಹಾಗೆ. ಮೆಷಿನ್ನಿನ ತಲೆ ಬಲಕ್ಕೆ ತಿರುಗಿ ನೆಲ ಸವರುವ ಹಾಗೆ ಬಿಲ್ಲೆ ಎಸೆದಿದೆ. ಬಿಳೀ ಶರಟಿನ ಮಂಚಣ್ಣ ಅದರ ಹಿಂದೆಯೇ ಕೋವಿ ತಿರುಗಿಸಿ ಹೊಡೆದಿದ್ದಾನೆ. ಕುಡಿದಿದ್ದ. ನಾನು ತಟ್ಟೆ ಎತ್ತಲು ಹೋಗಿದ್ದವಳು ಕಣ್ಣಾರೆ ಕಂಡೆ. "ಹೊಡೀಬೇಡಿ" ಅಂತ ಕಿರುಚುವಷ್ಟರಲ್ಲಿ ಆಗಿಹೋಗಿತ್ತು. ಮುದುಕಿ ಕೂತುಬಿಟ್ಟಳು. ಒಂದು ಕುರಿ ಅಲ್ಲೇ ಬಿತ್ತು.

ನಾನು ಓಡಿದೆ. ಹಿಂದೆ ಯಾರೂ ಬರಲಿಲ್ಲ. ತಿರುಗಿ ನೋಡಿದರೆ ನನ್ನ ಗಂಡ ಸಂತೋಷ್ ಬಗ್ಗಿ ಖಾಲಿ ತೋಟಾ ಆರಿಸುತ್ತಿದ್ದ. ಮಂಚಣ್ಣನ ಕಾರು ಆಗಲೇ ಸ್ಟಾರ್ಟ್ ಆಗಿತ್ತು.

ಎಡತೋಳು, ಕುತ್ತಿಗೆ, ಕಿವಿ. ಚರೆ ಒಳಗೆ ಕೂತಿದೆ.

"ಆಸ್ಪತ್ರೆ ಗೀಸ್ಪತ್ರೆ ಅನ್ಬೇಡ ಕಣೇ, ಪೊಲೀಸ್ ಕೇಸಾಯ್ತದೆ. ಕಾಂಪೌಂಡರ್ ಕರುಸ್ತೀನಿ, ಮನೇಲೇ ತೆಗೀತಾನೆ" ಅಂದ ಸಂತೋಷ್. ಮುದುಕಿಯ ಕುತ್ತಿಗೆಯಿಂದ ರಕ್ತ ಸೋರುತ್ತಿದೆ, ಇವನಿಗೆ ಕೇಸಿನ ಚಿಂತೆ. ದೀಪಿಕಳನ್ನು ಕರೆದು, ಮುದುಕಿಯನ್ನು ನಡುವೆ ಕೂರಿಸಿ, ಹಿಂದಿನಿಂದ ಮಗಳು ಹಿಡಿದುಕೊಂಡು, ಸ್ಕೂಟರಿನಲ್ಲೇ ಬಂದೆ. ಡಾಕ್ಟರ್ ನೋಡಿದ ತಕ್ಷಣ, ಇದು ಕೋವಿ ಏಟು, ಠಾಣೆಗೆ ತಿಳಿಸಲೇಬೇಕು ಅಂದರು. ತಿಳಿಸಿ ಅಂದೆ.

ನವೆಂಬರ್ 10, ಸೋಮವಾರ

ಜೀವಕ್ಕೇನೂ ಅಪಾಯವಿಲ್ಲ. ಕಿವಿ ಒಂದು ಮಂದವಾಗಬಹುದಂತೆ.

ಮನೆಗೆ ಬಂದರೆ ಎಲ್ಲ ತಯಾರಿಟ್ಟುಕೊಂಡು ಕೂತಿದ್ದಾರೆ. ಸಂತೋಷ್, ಅತ್ತೆ, ಮಂಚಣ್ಣನ ಕಡೆಯ ಲಾಯರು. ಕಾಫಿ ಕೂಡ ಆಗಿತ್ತು. ನನಗೊಂದು ಲೋಟ ಕೊಟ್ಟರು, ಹದಿನೇಳು ವರ್ಷದಲ್ಲಿ ಮೊದಲ ಸಲ ಅತ್ತೆಯೇ ತಂದುಕೊಟ್ಟದ್ದು.

ಗುರುವಾರ ಕೋವಿ ತಂದು ಒಪ್ಪಿಸಿ ಹೇಳಿಕೆ ಕೊಡಬೇಕು ಅಂತ ಠಾಣೆಯಿಂದ ಹೇಳಿಕಳಿಸಿದ್ದಾರೆ. ನಾನೇ ಹೊಡೆದೆ ಅನ್ನಬೇಕಂತೆ.

"ಮಂಚಣ್ಣನ ಎಸ್ರು ಬಂದ್ರೆ ಟಿಕೆಟ್ಟೂ ಇಲ್ಲ, ಊರಲ್ಲಿ ಬಾಳಕ್ಕೂ ಬುಡಾಕಿಲ್ಲ. ಲೈಸೆನ್ಸಿರೋದು ನಿನ್ನೆಸ್ರಲ್ಲೇ ಅಲ್ವಾ? ಅಂದಿ ಬಂತು ಅಂತ ಒಡೆಯಕ್ ಓದೆ, ತಪ್ಪೋಯ್ತು ಅನ್ನು" ಅಂದ ಸಂತೋಷ್.

ಅತ್ತೆ ಹತ್ತಿರ ಬಂದು ತಲೆ ಸವರಿದರು. "ಎಂಗುಸ್ರು ಕೈ ಕಣಮ್ಮ, ಅಲುಗ್ತು ಅಂದ್ರೆ ಯಾರಾದ್ರೂ ನಂಬ್ತಾರೆ."

ಲಾಯರು ಚೆನ್ನಾಗಿ ಬಿಡಿಸಿ ಹೇಳಿದರು. ಕೈ ತಪ್ಪಿ ಆಯಿತು ಅಂದರೆ ಆಕಸ್ಮಿಕ, ಫೈನು ಗೀನು, ಓಡಾಡಿದರೆ ಕೋವಿಯೂ ಮುಂದೆ ವಾಪಸ್ ಸಿಗಬಹುದು. ಬೇರೆಯವರು ಹೊಡೆದರು ಅಂದರೆ ಮೊದಲ ತಪ್ಪು ನನ್ನದೇ, ಕೋವಿ ಕೊಟ್ಟವಳು ನಾನು ಅಂತಾಗುತ್ತದೆ. ಲೈಸೆನ್ಸ್ ರದ್ದು. ಇನ್ನು ಜನ್ಮದಲ್ಲಿ ಸಿಗುವುದಿಲ್ಲ.

ಹೊಡೆಯುವುದಕ್ಕೆ ಒಂದು ಸಲ ಕೈಗೆ ಕೊಡಲಿಲ್ಲ. ಹೊಡೆದೆ ಅಂತ ಹೇಳುವುದಕ್ಕೆ ಮಾತ್ರ ಕೊಡುತ್ತಿದ್ದಾರೆ. ಕಾಫಿ ಹಾಗೇ ಇಟ್ಟು ಎದ್ದೆ.

ನವೆಂಬರ್ 11

ವಾರ್ಡಿನಲ್ಲಿ ಹೊಂಬಾಳಮ್ಮ ಒಬ್ಬಳೇ. ಬಲಗಡೆಗೆ ಬಂದು ಮಾತಾಡು ಅಂದಳು, ಎಡಗಿವಿ ಕೇಳಿಸುವುದಿಲ್ಲ. ಮೊದಲು ಕೇಳಿದ್ದು ಸತ್ತ ಕುರಿಯ ಬಗ್ಗೆ. ಗಬ್ಬವಾಗಿತ್ತಂತೆ.

ಆಮೇಲೆ ಮೆಲ್ಲಗೆ ಅಂದಳು. "ನೀನೇ ಒಡ್ದೆ ಅಂತ ಅನ್ಬೇಕಂತೆ ಕಣವ್ವ ನಾನು. ಮಂಚಣ್ಣನ ಕಡೆಯೋರು ಬಂದು ಯೋಳೋಗವ್ರೆ. ನನ್ ಮಗ ಅಂಕಯ್ಯ ಅವ್ರ ಕ್ವಾರಿಲೇ ಅಲ್ವಾ ಕೆಲ್ಸಕ್ಕಿರೋದು... ನಾ ಏನನ್ಲಿ? ನೀ ಎಂಗಂದ್ರೆ ಅಂಗೆ."

"ಯಾರು ಹೊಡೆದದ್ದು ಅಂತ ನೋಡಿದ್ಯಾ ನೀನು?"

"ನೋಡ್ದೆ ಏನವ್ವ? ಬಿಳೀ ಸರ್ಟಿನೋನು. ನೀ ಆಗಿದ್ರೆ ನಾ ಬತ್ತಿರೋದ್ ಕಂಡು ಕೋವಿ ಇಳಿಸ್ತಿದ್ದೆ."

ಅವಳ ಕಾಲು ಒತ್ತುತ್ತ ಕೂತಿದ್ದೆ. ನೀನು ಏನೂ ಅನ್ನಬೇಡ, ಕಾಣಿಸಲಿಲ್ಲ ಅಂದುಬಿಡು, ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ ಅಂತ ಹೇಳಿ ಬಂದೆ. ಏನು ನೋಡಿಕೊಳ್ಳುತ್ತೇನೋ ನನಗೂ ಗೊತ್ತಿರಲಿಲ್ಲ. ಸುಳ್ಳು ಹೇಳಿದರೆ ಕೋವಿ ಉಳಿಯುತ್ತದೆ. ಬಸ್ ಸ್ಟ್ಯಾಂಡಿನವರೆಗೂ ಅದೊಂದೇ ತಲೆಯಲ್ಲಿ. ಹೌದು, ಬಂತು ಆಸೆ. ಹೊಡೆದವನನ್ನು ಬಿಟ್ಟಾದರೂ ಕೋವಿ ಇಟ್ಟುಕೊಳ್ಳಲಾ ಅಂತ ಅನ್ನಿಸಿತು. ಇಷ್ಟು ನೀಚಳಾ ನಾನು?

ನವೆಂಬರ್ 12

ದೀಪಿಕ ಸ್ಕೂಲಿಂದ ಬಂದು ಬ್ಯಾಗೂ ಇಳಿಸದೆ ಕೇಳಿದಳು.

"ಅಮ್ಮ, ನಿನ್ ಕೈ ಅಲುಗಿದ್ದಕ್ಕಂತೆ ಹೊಂಬಾಳಮ್ಮಂಗೆ ಏಟು ಬಿದ್ದದ್ದು? ಅಜ್ಜಿ ಎಲ್ಲರ ಹತ್ರ ಹೇಳ್ತಿದೆ. ನಿಜಾನಾ?"

ಸ್ಕೂಟರಿನಲ್ಲಿ ಹಿಂದೆ ಕೂತು ಮುದುಕಿಯನ್ನು ಹಿಡಿದುಕೊಂಡು ಬಂದ ಮಗು. ಅದಕ್ಕೂ ಅನುಮಾನ ಬಂದಿದೆ.

ನವೆಂಬರ್ 13, ಗುರುವಾರ, ಠಾಣೆ ಮುಂದಿನ ಬೆಂಚು

ಕೋವಿ ಒಪ್ಪಿಸಿಯಾಯಿತು. ಬೆಳಿಗ್ಗೆ ಅತ್ತೆ ಕೀ ತಾವಾಗಿಯೇ ಕೊಟ್ಟರು. ಸ್ಟೇಷನ್ನಿಗೆ ತರುವ ಕೆಲಸ ನನ್ನದಲ್ಲವೇ, ಲೈಸೆನ್ಸಿನವಳು. ಕಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಅವತ್ತು ಒರೆಸುವಾಗ ಇದ್ದಷ್ಟು ಭಾರ ಅನ್ನಿಸಲಿಲ್ಲ.

ಬೆಂಚಿನ ಆ ತುದಿಯಲ್ಲಿ ಸಂತೋಷ್, ಪಕ್ಕದಲ್ಲಿ ಲಾಯರು. ಮಂಚಣ್ಣ ಬಂದಿಲ್ಲ. ಯಾಕೆ ಬರುತ್ತಾನೆ? ಅವನು ಆ ದಿನ ಮದ್ದೂರಿನಲ್ಲಿ ಮದುವೆಗೆ ಹೋಗಿದ್ದನಂತೆ. ಫೋಟೊ ಕೂಡ ಇದೆಯಂತೆ.

ಸಂತೋಷ್ ಹತ್ತಿರ ಬಂದು ಬಗ್ಗಿ, "ಕೈ ಅಲುಗ್ತು. ಅಷ್ಟೇ ಕಣೇ, ಎರಡೇ ಮಾತು. ನಿಂಗೆ ಇನ್ನೊಂದ್ ಕೋವಿ ಬೇಕಾದ್ರೂ ಕೊಡುಸ್ತೀನಿ. ಆ ಒಲಿಗೆ ಮಿಷಿನ್ನೂ ತರುಸ್ತೀನಿ" ಅಂದ. ಕೈ ಮುಗಿದ. ಅವನು ನನಗೆ ಕೈ ಮುಗಿದದ್ದು ಮದುವೆ ಮಂಟಪದಲ್ಲೂ ಇಲ್ಲ. ಒಂದು ಗಳಿಗೆ ಪಾಪ ಅನ್ನಿಸಿತು. ಒಂದೇ ಗಳಿಗೆ.

ಒಳಗಿನಿಂದ ಕಾನ್ಸ್‌ಟೇಬಲ್ ಬಂದು ಕೂಗಿದ. "ಕೋವಿ ಲೈಸೆನ್ಸ್‌ದಾರರು ಯಾರ್ರೀ, ಬನ್ನಿ."

ಸಂತೋಷ್ ಎದ್ದ. ಶರಟು ಸರಿ ಮಾಡಿಕೊಂಡು ಎರಡು ಹೆಜ್ಜೆ ಹಾಕಿಯೂ ಬಿಟ್ಟ. ಯೋಚನೆ ಮಾಡಿ ಎದ್ದದ್ದಲ್ಲ, ಅಭ್ಯಾಸ.

"ಕೂತ್ಕೊಳ್ಳಿ" ಅಂದೆ. ಸೀಟಿ ಊದುವವಳ ಗಂಟಲು, ಅಂಗಳಕ್ಕೆಲ್ಲ ಕೇಳಿಸಿರಬೇಕು. ಕೂತ.

ಎರಡು ನಿಮಿಷ ಅಂದಿದ್ದೇನೆ ಕಾನ್ಸ್‌ಟೇಬಲ್‌ಗೆ. ಒಳಗೆ ಮಾತು ತಪ್ಪಬಾರದು, ಅದಕ್ಕೆ ಇಲ್ಲೇ ಬರೆದುಕೊಂಡು ಹೋಗುತ್ತೇನೆ. ಕೋವಿ ಹೋಗುತ್ತದೆ. ಇನ್ನು ಯಾವತ್ತೂ ಬರುವುದಿಲ್ಲ. ಹೋಗಲಿ. ಅಳಬಾರದು. ಹೇಳಬೇಕಾದ್ದು ಇಷ್ಟೇ. ನಾನು ಕೋವಿ ಕೊಡಬಾರದಿತ್ತು, ತಡೆಯಬೇಕಿತ್ತು, ಅದು ನನ್ನ ತಪ್ಪು, ಬರೆದುಕೊಳ್ಳಿ. ನನ್ನ ಕೈ ಅಲುಗಲಿಲ್ಲ. ನನ್ನ ಕೈಯಲ್ಲಿ ಕೋವಿ ಇರಲೇ ಇಲ್ಲ. ಹೊಡೆದದ್ದು ಮಂಚೇಗೌಡ.